ಒಂದೆಲಗ: ಪರೀಕ್ಷೆಗಲ್ಲ, ಊಟಕ್ಕೆ

ಪರೀಕ್ಷೆ ಹತ್ತಿರ ಬಂದಂತೆ ಮಲೆನಾಡು, ಕರಾವಳಿಯ ಎಷ್ಟೋ ಮನೆಗಳಲ್ಲಿ ಒಂದೆಲಗದ ನೆನಪಾಗುತ್ತದೆ. ತುಳುವರಿಗೆ ಇದು ತಿಮರೆ. ಎಲೆ ತಿಂದರೆ ಪಾಠ ತಲೆಯಲ್ಲಿ ನಿಲ್ಲುತ್ತದೆಂಬ ನಂಬಿಕೆ ಹಳೆಯದು. ಆದರೆ ಬ್ರಾಹ್ಮಿ ಎಂಬ ಹೆಸರು ಎರಡು ಗಿಡಗಳಿಗಿದೆ: ದುಂಡೆಲೆಯ ಒಂದೆಲಗ ಮತ್ತು ದಪ್ಪ ಪುಟ್ಟೆಲೆಯ ನೀರುಬ್ರಾಹ್ಮಿ. ಒಂದರ ಗುಣವನ್ನು ಇನ್ನೊಂದಕ್ಕೆ ಅಂಟಿಸುವಂತಿಲ್ಲ. ಒಂದೆಲಗದಿಂದ ನೆನಪು ಹೆಚ್ಚುತ್ತದೆಂಬುದೂ ದೃಢಪಟ್ಟಿಲ್ಲ.

ರುಚಿಗೆ ಮಾತ್ರ ಸಾಕ್ಷಿ ಬೇಡ. ಚರಂಡಿಯ ಬದಿಯಲ್ಲಿ ಬೆಳೆದದ್ದನ್ನು ಕೀಳಬಾರದು. ಹಸಿಯಾಗಿ ರುಬ್ಬುವ ಎಲೆಯಾದ್ದರಿಂದ ಕೊಳೆನೀರಿನ ರೋಗಾಣು ನೇರ ಹೊಟ್ಟೆ ಸೇರುತ್ತದೆ. ಅಗಲವಾದ ಕುಂಡದಲ್ಲಿ ಬೇರಿರುವ ಹಂಬೊಂದನ್ನು ನೆಟ್ಟು, ಅರೆನೆರಳಿನಲ್ಲಿಟ್ಟು, ಮಣ್ಣು ಒಣಗದಂತೆ ನೋಡಿಕೊಂಡರೆ ಸಾಕು. ಗೆಣ್ಣುಗೆಣ್ಣಿಗೂ ಬೇರುಬಿಟ್ಟು ಹರಡುತ್ತದೆ. ನೀರು ಹಾಕುವ ಕೆಲಸ ಮಕ್ಕಳಿಗಿರಲಿ.

ತಂಬುಳಿಗೆ ಒಂದು ಹಿಡಿ ಎಲೆಯನ್ನು ಚೆನ್ನಾಗಿ ತೊಳೆಯಬೇಕು. ಅರ್ಧ ಚಮಚ ಜೀರಿಗೆ, 4 ಕಾಳುಮೆಣಸನ್ನು ತುಪ್ಪದಲ್ಲಿ ಹುರಿದು, ಎಲೆ ಮತ್ತು ಅರ್ಧ ಬಟ್ಟಲು ತೆಂಗಿನತುರಿಯೊಂದಿಗೆ ನುಣ್ಣಗೆ ರುಬ್ಬಬೇಕು. 2 ಲೋಟ ಮಜ್ಜಿಗೆ, ಉಪ್ಪು ಬೆರೆಸಿ ಸಾಸಿವೆಯ ಒಗ್ಗರಣೆ ಕೊಟ್ಟರಾಯಿತು, ಕುದಿಸುವುದಿಲ್ಲ. ಬಿಸಿ ಅನ್ನಕ್ಕೆ ಕಲಸಿ ಉಂಡ ಮೇಲೆ ಪುಸ್ತಕ ಹಿಡಿದು ಕೂರುವುದಂತೂ ತಪ್ಪದು!