ಮಳೆ ಬಂದರೆ ಆಟ ಎಲ್ಲಿಗೆ ಹೋಗುತ್ತದೆ?

ಮಕ್ಕಳೇ, ನಿಮ್ಮ ಮನೆಯ ಗೋಡೆಯ ಮೇಲೆ ತೂಗುಹಾಕಿರುವ ಕ್ಯಾಲೆಂಡರಿನಲ್ಲಿ ಮಳೆ ನಕ್ಷತ್ರಗಳ ಹೆಸರು ನೋಡಿದ್ದೀರಾ? ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಶುರುವಾಗಿ ಸ್ವಾತಿ, ವಿಶಾಖೆಯವರೆಗೆ ಸಾಲಾಗಿ ಬರುತ್ತವೆ. ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನದ ಅವಧಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಅಜ್ಜ ಅಜ್ಜಿಯರನ್ನು ಕೇಳಿ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪದೆ ಹೇಳುತ್ತಾರೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಗಾದೆಯನ್ನೂ ಸೇರಿಸುತ್ತಾರೆ.

ಈ ವಾರ ನಾನು ಒಂದು ಕೆಲಸ ಮಾಡಿದೆ. ಒಂದು ಹಾಳೆಯ ಎಡಕ್ಕೆ ಮಳೆ ನಕ್ಷತ್ರಗಳನ್ನು ಬರೆದೆ. ಬಲಕ್ಕೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಳೆ ಕೆಡಿಸಿದ ಪಂದ್ಯಗಳನ್ನು ಬರೆದೆ. ಬ್ಯಾಂಕಿನಲ್ಲಿ ಜಮಾ ಖರ್ಚು ತಾಳೆ ನೋಡಿದ ಕೈಗೆ ಇದು ಬಿಡದ ಚಾಳಿ. ತಾಳೆ ಎಷ್ಟು ಚೆನ್ನಾಗಿ ಬಂತೆಂದರೆ, ನೀವೇ ನೋಡಿ.

2025ರ ಏಪ್ರಿಲ್ 18, ಅಶ್ವಿನಿ ಮಳೆ. ಬೆಂಗಳೂರು ಮತ್ತು ಪಂಜಾಬ್ ತಂಡಗಳ ಐಪಿಎಲ್ ಪಂದ್ಯ 20 ಓವರಿನ ಬದಲು 14 ಓವರಿಗೆ ಇಳಿಯಿತು. 2019ರ ಏಪ್ರಿಲ್ 30, ಭರಣಿ ಮಳೆ. ರಾಜಸ್ಥಾನದ ಮೇಲಿನ ಪಂದ್ಯ ತಲಾ ಐದೇ ಓವರಿನದಾಯಿತು. ನಮ್ಮ ಕರ್ನಾಟಕದ ಶ್ರೇಯಸ್ ಗೋಪಾಲ್ ಆ ದಿನ ರಾಜಸ್ಥಾನದ ಪರ ಆಡಿ ಕೊಹ್ಲಿ, ಡಿವಿಲಿಯರ್ಸ್, ಸ್ಟೋಯಿನಿಸ್ ಮೂವರನ್ನೂ ಸತತ ಮೂರು ಚೆಂಡಿಗೆ ಔಟು ಮಾಡಿದರು. ಆಮೇಲೆ ಮತ್ತೆ ಮಳೆ ಬಂದು ಪಂದ್ಯವೇ ರದ್ದಾಯಿತು. 2025ರ ಮೇ 17, ಕೃತ್ತಿಕೆ ಮಳೆ. ಕೋಲ್ಕತ್ತದ ಮೇಲಿನ ಪಂದ್ಯದಲ್ಲಿ ಟಾಸ್ ಕೂಡ ಆಗಲಿಲ್ಲ. 2024ರ ಅಕ್ಟೋಬರ್ 16, ಚಿತ್ತೆ ಮಳೆ. ನ್ಯೂಜಿಲೆಂಡ್ ಮೇಲಿನ ಟೆಸ್ಟಿನ ಮೊದಲ ದಿನ ಪೂರ್ತಿ ಕೊಚ್ಚಿಹೋಯಿತು. 2015ರ ನವೆಂಬರ್, ವಿಶಾಖೆ ಮಳೆ. ದಕ್ಷಿಣ ಆಫ್ರಿಕಾ ಮೇಲಿನ ಟೆಸ್ಟ್ 14ನೇ ತಾರೀಖು ಒಂದು ದಿನ ನಡೆಯಿತು, ಉಳಿದ ನಾಲ್ಕು ದಿನ ಒಂದು ಚೆಂಡೂ ಬೀಳಲಿಲ್ಲ. ಅದು ಎಬಿ ಡಿವಿಲಿಯರ್ಸ್ ಅವರ ನೂರನೇ ಟೆಸ್ಟು.

ನಕ್ಷತ್ರಕ್ಕೂ ಕ್ರಿಕೆಟ್ಟಿಗೂ ಯಾವ ನಂಟೂ ಇಲ್ಲ. ನಂಟು ಇರುವುದು ಋತುವಿಗೆ. ಏಪ್ರಿಲ್, ಮೇ ತಿಂಗಳಲ್ಲಿ ನೆಲ ಹಗಲೆಲ್ಲ ಕಾದು, ಬಿಸಿಗಾಳಿ ಮೇಲೇರಿ, ಸಂಜೆಗೆ ಗುಡುಗು ಸಿಡಿಲಿನ ಮೋಡ ಕಟ್ಟುತ್ತದೆ. ಐಪಿಎಲ್ ಪಂದ್ಯ ಶುರುವಾಗುವುದೂ ಸಂಜೆ ಏಳೂವರೆಗೆ. ಅಕ್ಟೋಬರ್, ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿ ದಿನಗಟ್ಟಲೆ ಜಡಿಮಳೆ. ನಮ್ಮ ಹಿರಿಯರು ಇದನ್ನೇ ನೂರಾರು ವರ್ಷ ನೋಡಿ ನೋಡಿ ಹೆಸರಿಟ್ಟು ಇಟ್ಟುಕೊಂಡರು.

ಇನ್ನು ನನ್ನ ಮೊಮ್ಮಗನ ಪ್ರಶ್ನೆ. ‘ತಾತ, ಫುಟ್‌ಬಾಲ್‌ನವರು ಮಳೆಯಲ್ಲೇ ಆಡ್ತಾರೆ. ಕ್ರಿಕೆಟ್‌ನವರು ಯಾಕೆ ಓಡಿಹೋಗ್ತಾರೆ?’ ಒಳ್ಳೆಯ ಪ್ರಶ್ನೆ. ಫುಟ್‌ಬಾಲಿನಲ್ಲಿ ಚೆಂಡು ಕಾಲಿನಿಂದ ಕಾಲಿಗೆ ಹೋಗುತ್ತದೆ. ಕ್ರಿಕೆಟ್ಟಿನಲ್ಲಿ ಚೆಂಡು ನೆಲಕ್ಕೆ ಬಿದ್ದು ಏಳಬೇಕು. ಪಿಚ್ ಎಂದರೆ ಗಟ್ಟಿಯಾಗಿ ಉರುಳೆ ಹೊಡೆದ ಜೇಡಿಮಣ್ಣು. ಅದು ನೆನೆದರೆ ಚೆಂಡು ಒಮ್ಮೆ ಎದ್ದೀತು, ಒಮ್ಮೆ ಏಳದೆ ಹೋದೀತು. ಓಡಿಬರುವ ಬೌಲರ್ ಜಾರಿದರೆ ಮಂಡಿಯೇ ಹೋಯಿತು. ಅದಕ್ಕೇ ನಾಲ್ಕು ಹನಿ ಬೀಳುತ್ತಲೇ ಹೊದಿಕೆ ಎಳೆದುಕೊಂಡು ಬರುತ್ತಾರೆ.

ಹೊದಿಸಿಟ್ಟರೂ ಪಿಚ್ಚಿನಲ್ಲಿ ತೇವ ಉಳಿಯುತ್ತದೆ. 2024ರ ಆ ಟೆಸ್ಟಿನಲ್ಲಿ ಎರಡನೇ ದಿನ ಮೋಡ ಕವಿದಿತ್ತು. ಭಾರತ ಟಾಸ್ ಗೆದ್ದು ಬ್ಯಾಟ್ ಮಾಡಿತು. 46 ರನ್ನಿಗೆ ಎಲ್ಲರೂ ಔಟ್! ತವರಿನಲ್ಲಿ ಭಾರತದ ಅತಿ ಕಡಿಮೆ ಮೊತ್ತ ಅದು. ಐವರು ಸೊನ್ನೆಗೆ ಮರಳಿದರು. ಬಿಸಿಲು ಬಂದ ಮೇಲೆ ಅದೇ ನೆಲದಲ್ಲಿ ಭಾರತ ಎರಡನೇ ಸರದಿಯಲ್ಲಿ 462 ಹೊಡೆಯಿತು. ಆದರೂ ನ್ಯೂಜಿಲೆಂಡ್ ಗೆದ್ದಿತು. ಅವರ ಪರ 134 ಹೊಡೆದ ರಚಿನ್ ರವೀಂದ್ರರ ತಂದೆತಾಯಿ ಬೆಂಗಳೂರಿನಿಂದ ಹೋದವರು. ಒಂದು ದಿನದ ಮಳೆ ಒಂದು ಟೆಸ್ಟಿನ ದಿಕ್ಕನ್ನೇ ಬದಲಿಸಿತು.

ಚಿನ್ನಸ್ವಾಮಿ ಕ್ರೀಡಾಂಗಣದ ಹುಲ್ಲಿನ ಕೆಳಗೆ 2017ರಲ್ಲಿ ಒಂದು ವ್ಯವಸ್ಥೆ ಕೂಡಿಸಿದರು. ಹುಲ್ಲು, ಅದರ ಕೆಳಗೆ ಮರಳು, ಅದರ ಕೆಳಗೆ ತೂತಿನ ಕೊಳವೆಗಳು. ಯಂತ್ರ ಚಾಲೂ ಮಾಡಿದರೆ ನಾವು ಎಳನೀರನ್ನು ಕೊಳವೆಯಲ್ಲಿ ಹೀರುವ ಹಾಗೆ ನೀರನ್ನು ಕೆಳಕ್ಕೆ ಹೀರುತ್ತದೆ. ನಿಮಿಷಕ್ಕೆ 10,000 ಲೀಟರ್ ಎಳೆಯುತ್ತದೆ ಎಂದು ಆಗ ಹೇಳಿದ್ದರು. ಲೆಕ್ಕ ಹಾಕೋಣ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಮೈದಾನದ ಮಧ್ಯದಿಂದ ಅಂಚಿಗೆ 60 ಮೀಟರ್ ಎಂದುಕೊಳ್ಳಿ. ವಿಸ್ತೀರ್ಣ ಸುಮಾರು 11,300 ಚದರ ಮೀಟರ್. ಹತ್ತು ಮಿಲಿಮೀಟರ್ ಮಳೆಗೆ 1,13,000 ಲೀಟರ್ ನೀರು. ಯಂತ್ರಕ್ಕೆ ಹನ್ನೊಂದು ಹನ್ನೆರಡು ನಿಮಿಷದ ಕೆಲಸ. ಹಾಗಾದರೆ ಪಂದ್ಯ ಯಾಕೆ ರದ್ದಾಗುತ್ತದೆ? ಯಂತ್ರ ಬಿದ್ದ ನೀರನ್ನು ಎಳೆಯುತ್ತದೆ, ಬೀಳುವ ನೀರನ್ನು ನಿಲ್ಲಿಸುವುದಿಲ್ಲ. 2025ರ ಮೇ 17ರಂದು ಮಳೆ ಬಿಡುವನ್ನೇ ಕೊಡಲಿಲ್ಲ.

ಆ ದಿನದ ಪ್ರೇಕ್ಷಕರನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಐದು ದಿನದ ಹಿಂದಷ್ಟೇ ವಿರಾಟ್ ಕೊಹ್ಲಿ ಟೆಸ್ಟ್ ಕ್ರಿಕೆಟ್ ಬಿಟ್ಟಿದ್ದರು. ಅವರಿಗೆ ಗೌರವ ಕೊಡಲೆಂದು ತಂಡದ ಕೆಂಪು ಅಂಗಿಯ ಬದಲು ಟೆಸ್ಟಿನ ಬಿಳಿ ಅಂಗಿ ತೊಟ್ಟು ಬಂದವರು ಎಷ್ಟೋ ಮಂದಿ. ಒಂದು ಚೆಂಡೂ ಕಾಣದೆ ಹಿಂದಿರುಗಿದರು. ಟಿಕೆಟ್ಟಿನ ಹಣ ವಾಪಸು ಕೊಡುವುದಾಗಿ ಪ್ರಕಟಣೆ ಬಂತು. ಒಂದೂ ಚೆಂಡು ಎಸೆಯದೆ ರದ್ದಾದರೆ ಹೀಗೆ ಹಣ ಹಿಂದಿರುಗಿಸುವುದು ರೂಢಿ. ನಾಲ್ಕು ಓವರ್ ನಡೆದು ನಿಂತರೆ ಸಾಮಾನ್ಯವಾಗಿ ಹಣ ಬರುವುದಿಲ್ಲ. ಟಿಕೆಟ್ ಕೊಳ್ಳುವಾಗ ಸಣ್ಣ ಅಕ್ಷರದ ಷರತ್ತು ಓದುವುದು ಅದಕ್ಕೇ. ತಿಪಟೂರಿನಿಂದ ಹೋದವನ ಬಸ್ ಚಾರ್ಜು, ಒಂದು ದಿನದ ಕೂಲಿ, ಮಗನಿಗೆ ಕೊಟ್ಟ ಮಾತು, ಇವು ಯಾವ ಖಾತೆಗೂ ವಾಪಸು ಜಮೆ ಆಗುವುದಿಲ್ಲ.

ಮಳೆ ನಿಂತು ಸಮಯ ಕಡಿಮೆ ಉಳಿದಾಗ ಗೆಲುವಿಗೆ ಎಷ್ಟು ರನ್ ಬೇಕು ಎಂಬುದು ಇನ್ನೊಂದು ಲೆಕ್ಕ. 1992ರ ಮಾರ್ಚ್ 22ರಂದು ಸಿಡ್ನಿಯಲ್ಲಿ ವಿಶ್ವಕಪ್ಪಿನ ಸೆಮಿಫೈನಲ್. ಇಂಗ್ಲೆಂಡ್ ಎದುರು ದಕ್ಷಿಣ ಆಫ್ರಿಕಾಕ್ಕೆ 13 ಚೆಂಡಿನಲ್ಲಿ 22 ರನ್ ಬೇಕಿತ್ತು. ಮಳೆ ಬಂತು. ನಿಂತು ಮತ್ತೆ ಆಟ ಶುರುವಾದಾಗ ಉಳಿದದ್ದು ಒಂದೇ ಚೆಂಡು, ಬೇಕಾದದ್ದು 21 ರನ್! ಇದಕ್ಕಿಂತ ಕೆಟ್ಟ ಲೆಕ್ಕ ಉಂಟೇ? ಆಮೇಲೆ ಫ್ರಾಂಕ್ ಡಕ್‌ವರ್ತ್, ಟೋನಿ ಲೂಯಿಸ್ ಎಂಬ ಇಬ್ಬರು ಇಂಗ್ಲಿಷ್ ಸಂಖ್ಯಾಶಾಸ್ತ್ರಜ್ಞರು ಹೊಸ ವಿಧಾನ ಕಂಡುಹಿಡಿದರು. 1997ರ ಜನವರಿ 1ರಂದು ಅದು ಅಂತರರಾಷ್ಟ್ರೀಯ ಪಂದ್ಯದಲ್ಲಿ ಮೊದಲು ಬಳಕೆಯಾಯಿತು. ಮುಂದೆ ಸ್ಟೀವನ್ ಸ್ಟರ್ನ್ ಅದನ್ನು ತಿದ್ದಿ ಬೆಳೆಸಿದರು. ನಮ್ಮ ನೆರೆಯ ಕೇರಳದ ಎಂಜಿನಿಯರ್ ವಿ. ಜಯದೇವನ್ ಕೂಡ ಇಂಥದ್ದೇ ಒಂದು ವಿಧಾನ ರೂಪಿಸಿದ್ದಾರೆ. ಭಾರತದ ದೇಶೀಯ ಪಂದ್ಯಗಳಲ್ಲಿ ಅದು ಬಳಕೆಯಾಗಿದೆ.

ಈ ಲೆಕ್ಕ ಬ್ಯಾಂಕಿನ ಲೆಕ್ಕದಂತೆಯೇ. ಪ್ರತಿ ತಂಡಕ್ಕೂ ಎರಡು ಠೇವಣಿ ಇರುತ್ತದೆ. ಒಂದು ಓವರು, ಒಂದು ವಿಕೆಟ್ಟು. 50 ಓವರು, ಹತ್ತು ವಿಕೆಟ್ಟು ಕೈಯಲ್ಲಿದ್ದರೆ ಬಂಡವಾಳ ನೂರಕ್ಕೆ ನೂರು. ಮೊದಲ ತಂಡ 240 ಹೊಡೆಯಿತು. ಎರಡನೇ ತಂಡ ಶುರು ಮಾಡುವ ಮೊದಲೇ ಮಳೆ ಬಂದು 25 ಓವರ್ ಮಾತ್ರ ಉಳಿಯಿತು. ಅರ್ಧ ಓವರಿಗೆ ಅರ್ಧ ರನ್, ಸುಮಾರು 120 ಎಂದರೆ ನ್ಯಾಯವೇ? ಅಲ್ಲ. ಹತ್ತೂ ವಿಕೆಟ್ ಕೈಯಲ್ಲಿ ಇಟ್ಟುಕೊಂಡು 25 ಓವರಿನಲ್ಲಿ ಧೈರ್ಯವಾಗಿ ಬೀಸಬಹುದಲ್ಲ! ಅವರ ಒಂದು ಕೋಷ್ಟಕದ ಪ್ರಕಾರ ಆಗ ಬಂಡವಾಳ ಶೇಕಡಾ 66.5. ಗುಣಿಸಿದರೆ 159.6. ಗುರಿ 160. ಈಗ ದೊಡ್ಡ ಪಂದ್ಯಗಳಲ್ಲಿ ಇದನ್ನು ಕಂಪ್ಯೂಟರ್ ಮಾಡುತ್ತದೆ, ಒಳಗಿನ ತತ್ತ್ವ ಮಾತ್ರ ಇದೇ.

ಕೆಲವು ಆಟಗಳು ಮಳೆಗೆ ಹೆದರಿ ಮನೆಯೊಳಗೆ ಹೋದವು. ಮಣ್ಣಿನ ಅಂಕಣದ ಕಬಡ್ಡಿ 2014ರ ಪ್ರೊ ಕಬಡ್ಡಿಯಲ್ಲಿ ಸೂರಿನ ಕೆಳಗೆ ಮ್ಯಾಟಿನ ಮೇಲೆ ಮೆರೆಯಿತು. ವಿಂಬಲ್ಡನ್ನಿನ ಮುಖ್ಯ ಟೆನಿಸ್ ಅಂಗಣಕ್ಕೆ 2009ರಲ್ಲಿ ಮುಚ್ಚುವ ತೆರೆಯುವ ಚಾವಣಿ ಬಂತು. ಕೊಡಗು, ದಕ್ಷಿಣ ಕನ್ನಡದವರ ದಾರಿಯೇ ಬೇರೆ. ಅವರು ಮಳೆಗಾಲದಲ್ಲೇ ಕೆಸರುಗದ್ದೆಯಲ್ಲಿ ಓಟ, ಹಗ್ಗಜಗ್ಗಾಟ ಇಡುತ್ತಾರೆ. ಬಿದ್ದಷ್ಟೂ ನಗು, ಮೆತ್ತಿದಷ್ಟೂ ಖುಷಿ.

ನಮ್ಮ ತೆಂಗಿನ ಸೀಮೆಯ ಶಾಲೆಗಳಿಗೆ ಸೂರೂ ಇಲ್ಲ, ಗದ್ದೆಯೂ ಕಡಿಮೆ. ಇಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹೋಬಳಿ, ತಾಲ್ಲೂಕು ಕ್ರೀಡಾಕೂಟಗಳೂ ಹೆಚ್ಚುಕಡಿಮೆ ಆ ಹೊತ್ತಿಗೇ. ರಾತ್ರಿ ಮಳೆ ಬಂದರೆ ಬೆಳಗ್ಗೆ ಸುಣ್ಣದ ಗೆರೆ ಮಾಯ. ಒಂದು ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಹತ್ತು ಮಿಲಿಮೀಟರ್ ಮಳೆಗೆ ಅದರ ಮೇಲೆ ಬೀಳುವ ನೀರು 1,300 ಲೀಟರ್, ಅಂದರೆ ನೂರಾಮೂವತ್ತು ಸಣ್ಣ ಬಕೆಟ್. ನಮ್ಮಲ್ಲಿ ಹೀರುವ ಯಂತ್ರ ಇಲ್ಲ. ಬೇಸಿಗೆಯಲ್ಲೇ ಅಂಗಳವನ್ನು ಒಂದು ಕಡೆಗೆ ತುಸು ಇಳಿಜಾರು ಮಾಡಿ, ಅಂಚಿನಲ್ಲಿ ಕಾಲುವೆ ತೆಗೆದು, ಮೇಲೆ ಮರಳು ಹರಡಿದರೆ ಅರ್ಧ ತೊಂದರೆ ನೀಗುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಕೂತಿರುವ ಹಿರಿಯರು ಇದನ್ನು ಗಮನಿಸಬೇಕು. ಹತ್ತನೇ ತರಗತಿಯ ಹುಡುಗಿಗೆ ಶಾಲೆಯ ಖೋ ಖೋ ತಂಡದಲ್ಲಿ ಅದೇ ಕೊನೆಯ ವರ್ಷ. ಅವಳಿಗೆ ಮುಂದಿನ ವರ್ಷ ಆಡುವೆಯಂತೆ ಎಂದು ಹೇಳಲಾಗುವುದಿಲ್ಲ.

ಆದರೆ ಆಟಕ್ಕಿಂತ ದೊಡ್ಡದು ಜೀವ. ಈಗ ಹೇಳುವುದನ್ನು ಅಜ್ಜ ಅಜ್ಜಿಯರೂ ಮೊಮ್ಮಕ್ಕಳೂ ಒಟ್ಟಿಗೆ ಕೂತು ಓದಿಕೊಳ್ಳಿ. ಮೈದಾನದಲ್ಲಿ ಆಟ ನಡೆಯುತ್ತಿದೆ, ಹನಿ ಬೀಳುತ್ತದೆ, ನೋಡುತ್ತಿದ್ದವರು ಎಲ್ಲಿಗೆ ಓಡುತ್ತಾರೆ? ತೆಂಗಿನ ಮರದ ಬುಡಕ್ಕೆ. ಸಿಡಿಲು ಹೊಡೆದು ಸುಳಿ ಸುಟ್ಟು ಬೋಳಾಗಿ ನಿಂತ ತೆಂಗನ್ನು ನೋಡದವರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ? ಬಯಲಿನಲ್ಲಿ ಎತ್ತರಕ್ಕೆ ಇರುವುದನ್ನೇ ಸಿಡಿಲು ಹುಡುಕುತ್ತದೆ. ಮರಕ್ಕೆ ಬಡಿದದ್ದು ಬುಡದಲ್ಲಿ ನಿಂತವರಿಗೂ ಹಾಯುತ್ತದೆ. ಗಾಳಿಗೆ ಕಾಯಿ, ಗರಿ ಉದುರುವುದು ಬೇರೆ.

ಮಿಂಚು ಕಂಡ ಕೂಡಲೇ ಒಂದು, ಎರಡು ಎಂದು ಸೆಕೆಂಡು ಎಣಿಸಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕು. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗೇ ಇದೆ. ಆಟ ನಿಲ್ಲಿಸಿ ಶಾಲೆಯ ಕೊಠಡಿಗೋ, ಕಿಟಕಿ ಮುಚ್ಚಿದ ಬಸ್ಸಿಗೋ ಹೋಗಿ. ಮರ ಬೇಡ, ಕಬ್ಬಿಣದ ಕಂಬದ ಶಾಮಿಯಾನ ಬೇಡ, ತಂತಿಬೇಲಿಯ ಪಕ್ಕ ಬೇಡ. ಕೊನೆಯ ಗುಡುಗು ಕೇಳಿ ಮೂವತ್ತು ನಿಮಿಷ ಆಗುವವರೆಗೆ ಹೊರಗೆ ಬರಬೇಡಿ. ಯಾರಿಗಾದರೂ ಸಿಡಿಲು ಬಡಿದರೆ ಮುಟ್ಟಲು ಅಂಜಬೇಡಿ, ಅವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಕೂಡಲೇ 108ಕ್ಕೆ ಫೋನ್ ಮಾಡಿ, ದೊಡ್ಡವರನ್ನು ಕೂಗಿ.

ಆ ಮೂವತ್ತು ನಿಮಿಷ ಕೊಠಡಿಯಲ್ಲಿ ಕೂತು ಏನು ಮಾಡುವುದು ಎಂದು ಕೇಳುತ್ತೀರಿ. ಅಜ್ಜಿ ಚೌಕಾಬಾರ ಹೇಳಿಕೊಡುತ್ತಾರೆ, ಹುಣಿಸೆ ಬೀಜ ನಾಲ್ಕು ಸಾಕು. ಅದು ಬೇಡವೆಂದರೆ ನೇರ ಗೋಡೆಯ ಡಬ್ಬಿಯೊಂದನ್ನು ಬಯಲಿನಲ್ಲಿ ಇಟ್ಟು ಬಂದಿರಿ. ಮಳೆ ನಿಂತ ಮೇಲೆ ಅದರೊಳಗಿನ ನೀರನ್ನು ಸ್ಕೇಲಿನಲ್ಲಿ ಅಳೆದು, ತಾರೀಖು, ಮಳೆಯ ಹೆಸರು, ಮಿಲಿಮೀಟರ್, ನಿಂತುಹೋದ ಆಟ ಎಂದು ನಾಲ್ಕು ಕಲಂ ಬರೆಯಿರಿ. ವರ್ಷದ ಕೊನೆಗೆ ಆ ಪುಸ್ತಕವನ್ನು ನಿಮ್ಮ ದೈಹಿಕ ಶಿಕ್ಷಣದ ಮೇಷ್ಟ್ರಿಗೆ ತೋರಿಸಿ. ಮುಂದಿನ ವರ್ಷದ ಕ್ರೀಡಾಕೂಟ ಯಾವ ವಾರ ಇಟ್ಟರೆ ಒಳ್ಳೆಯದು ಎಂದು ಕೇಳಲು ಆಗ ನಿಮ್ಮ ಕೈಯಲ್ಲಿ ಲೆಕ್ಕ ಇರುತ್ತದೆ.