ಒಂಟಿಮನೆಯ ಕಾದಂಬರಿಯೂ ಅರಗಿನ ಮನೆಯೂ

ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದಂಥ ಊರಿನಲ್ಲಿ, ಶೇಂಗಾ ಕಿತ್ತು ಬಳ್ಳಿಯನ್ನು ಬಣವೆಗೆ ಒಟ್ಟಿದ ಮೇಲೆ, ರಾತ್ರಿ ದೀಪದ ಮುಂದೆ ಕುಳಿತು ಪತ್ತೇದಾರಿ ಕಾದಂಬರಿಯನ್ನು ಓದುವವನನ್ನು ಕಂಡರೆ ಕೆಲವು ಪಂಡಿತರು ಮೂಗು ಮುರಿಯುತ್ತಾರೆ. ಊರಿಗೆ ದೂರವಾದ ಒಂಟಿಮನೆ, ಹೊರಗೆ ಬಿರುಗಾಳಿ, ಒಳಗೆ ಹೆಣ, ಒಬ್ಬರನ್ನೊಬ್ಬರು ನಂಬದ ಜನ: ಇದು ಪರದೇಶದ ಸರಕು, ಇದರಲ್ಲಿ ರಸವಿಲ್ಲ, ನೀತಿಯಿಲ್ಲ, ಆದುದರಿಂದ ಸಾರ್ವಜನಿಕ ಗ್ರಂಥಾಲಯದಲ್ಲಿ ಇದಕ್ಕೆ ಸ್ಥಳ ಸಲ್ಲದು ಎಂಬುದು ಅವರ ಪಕ್ಷ. ಕೇಳುವುದಕ್ಕೆ ಈ ವಾದವು ಗಂಭೀರವಾಗಿದೆ. ಪರೀಕ್ಷೆಗೆ ಮಾತ್ರ ನಿಲ್ಲದು.

ರಸವಿಲ್ಲವೆಂಬ ಮಾತನ್ನು ಮೊದಲು ನೋಡಬೇಕು. ಭಯಾನಕವು ಭರತನು ಹೇಳಿದ ಎಂಟು ರಸಗಳಲ್ಲೊಂದು. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಅದರ ವಿಭಾವಗಳನ್ನು ಎಣಿಸುವಾಗ ಆತನು ಅರಣ್ಯದ ಜೊತೆಗೆ ಶೂನ್ಯಗೃಹವನ್ನೂ ಸೇರಿಸಿದ್ದಾನೆ. ಭರತನು ಒಪ್ಪಿದ ಪಾಳುಮನೆಯನ್ನು ಇಂದಿನ ಪಂಡಿತರು ಬಹಿಷ್ಕರಿಸುವುದಕ್ಕೆ ಯಾವ ಶಾಸ್ತ್ರದ ಆಧಾರವಿದೆ?

ಪರದೇಶದ ಸರಕೆಂಬ ಆಕ್ಷೇಪಣೆಯೂ ಇಷ್ಟೇ ದುರ್ಬಲ. ಗೂಢಚಾರರು, ಕಪಟಲೇಖನ, ಮುದ್ರೆಯುಂಗುರ ಇವುಗಳ ಕಥೆಯನ್ನು ಕೆಂಪುನಾರಾಯಣನು 1823ರಲ್ಲಿಯೇ ‘ಮುದ್ರಾಮಂಜೂಷ’ದಲ್ಲಿ ಕನ್ನಡ ಗದ್ಯಕ್ಕೆ ತಂದನು. ಅದಕ್ಕಿಂತ ಬಹು ಹಿಂದಿನದು ವಾರಣಾವತದ ಅರಗಿನ ಮನೆ. ಕಾವಲಿಗೆ ನಿಂತವನೇ ಕೊಲೆಗಾರ. ವಿದುರನ ಎಚ್ಚರಿಕೆ ಗೂಢಭಾಷೆಯಲ್ಲಿ. ನೆಲದಡಿಯಲ್ಲಿ ಗುಟ್ಟಾಗಿ ಸಾಗುವ ಸುರಂಗ. ಎಲ್ಲವನ್ನೂ ತಿಳಿದು ತಿಳಿಯದವರಂತೆ ಒಂದು ವರ್ಷ ಅಲ್ಲಿಯೇ ಬಾಳಿದ ಪಾಂಡವರು. ಇದಕ್ಕಿಂತ ಕುತೂಹಲಕರವಾದ ಒಂಟಿಮನೆ ಯಾವ ದೇಶದಲ್ಲಿದೆ? ಪರಿಣಾಮವನ್ನು ಬಲ್ಲ ಜನರೂ ಈ ಕಥೆಗೆ ಉಸಿರು ಬಿಗಿಹಿಡಿದು ಕಿವಿಗೊಡುತ್ತಾರೆ.

ಇನ್ನು ನೀತಿಯ ವಿಚಾರ. ಅರಗಿನ ಮನೆ ಉರಿದ ಮರುದಿನ ಜನರಿಗೆ ಬೂದಿಯಲ್ಲಿ ಸಿಕ್ಕಿದುದು ಪುರೋಚನನ ಹೆಣವಷ್ಟೇ ಅಲ್ಲ. ಆ ರಾತ್ರಿ ಉಂಡು ಮಲಗಿದ್ದ ನಿಷಾದ ಸ್ತ್ರೀಯೊಬ್ಬಳದು ಮತ್ತು ಅವಳ ಐವರು ಮಕ್ಕಳದು. ಆರು ಹೆಣಗಳ ಲೆಕ್ಕ ಸರಿಹೋಯಿತು; ಕುಂತಿಯೂ ಪಾಂಡವರೂ ಸತ್ತರೆಂದು ಊರು ಅತ್ತಿತು. ಸತ್ತವರು ಯಾರೆಂದು ಒಬ್ಬರೂ ವಿಚಾರಿಸಲಿಲ್ಲ. ಬೇಡರ ಹಟ್ಟಿಗಳಿಂದ ತುಂಬಿದ ಚಳ್ಳಕೆರೆ ಮೊಳಕಾಲ್ಮೂರು ಸೀಮೆಯ ವಾಚಕನು ಈ ಪ್ರಶ್ನೆಯನ್ನು ಕೇಳಿದರೆ ಅದನ್ನು ಉದ್ಧಟತನವೆನ್ನಲಾದೀತೆ? ಪತ್ತೇದಾರಿ ಕಾದಂಬರಿಯು ಹುಟ್ಟುವುದೇ ಆ ಪ್ರಶ್ನೆಯಿಂದ. ಸತ್ತವನು ಯಾರು, ಏಕೆ ಸತ್ತನು, ಹೊಣೆ ಯಾರದು ಎಂಬುದು ತೀರ್ಮಾನವಾಗುವವರೆಗೆ ಅದು ಪುಸ್ತಕವನ್ನು ಮುಚ್ಚಗೊಡದು. ಅಗಾಥಾ ಕ್ರಿಸ್ಟಿಯು 1939ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕಾದಂಬರಿಯಲ್ಲಿ, ದ್ವೀಪವೊಂದರ ಮನೆಯಲ್ಲಿ ಸಿಕ್ಕಿಬಿದ್ದ ಹತ್ತು ಮಂದಿಯ ಮೇಲೂ ಇರುವ ಆರೋಪ ಇಂಥದೇ: ನ್ಯಾಯಾಲಯದ ಕೈಗೆ ಸಿಕ್ಕದೆ ಹೋದ ಸಾವುಗಳ ಹೊಣೆ. ಇದು ನೀತಿಯಲ್ಲವಾದರೆ ನೀತಿಯೆಂದರೇನು?

ಕೀಳು ಪುಸ್ತಕಗಳೂ ಇವೆ ಎಂಬುದನ್ನು ಅಲ್ಲಗಳೆಯಲಾಗದು. ಹೆಣವನ್ನು ಬರಿಯ ಬೆದರುಬೊಂಬೆಯಾಗಿ ಮಾಡಿ, ಸುಳಿವುಗಳನ್ನು ಮುಚ್ಚಿಟ್ಟು ಓದುಗನನ್ನು ವಂಚಿಸುವ ಬರವಣಿಗೆಯನ್ನು ಖಂಡಿಸಲೇಬೇಕು. ಆದರೆ ಕೆಟ್ಟ ಕಾವ್ಯಗಳಿವೆಯೆಂದು ಕಾವ್ಯವನ್ನೇ ಯಾರೂ ನಿಷೇಧಿಸಿಲ್ಲ. ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ರಚಿಸಿದ ಎನ್. ನರಸಿಂಹಯ್ಯನವರು (1925–2011) ನಾಲ್ಕನೆಯ ತರಗತಿಯವರೆಗೆ ಮಾತ್ರ ಕಲಿತವರು. ಅಲ್ಪ ವಿದ್ಯೆಯವರೂ ದಪ್ಪ ಪುಸ್ತಕವನ್ನು ಕೊನೆಮುಟ್ಟಿಸಬಲ್ಲರೆಂಬ ಧೈರ್ಯ ಇಂಥ ಬರವಣಿಗೆಯಿಂದ ಬಂದಿತು. ಆ ಉಪಕಾರವನ್ನು ಮರೆಯುವುದು ಕೃತಘ್ನತೆ.

1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಮೇರೆಗೆ ಗ್ರಂಥಾಲಯ ಕರವನ್ನು ತೆರುವವರು ಪಂಡಿತರು ಮಾತ್ರವಲ್ಲ. ಮನೆಗಂದಾಯ ಕಟ್ಟುವ ರೈತನೂ ತೆರುತ್ತಾನೆ. ಅವನ ಹಣದಿಂದ ಕೊಂಡ ಕಪಾಟಿನಲ್ಲಿ ಅವನಿಗೆ ಬೇಕಾದ ಪುಸ್ತಕವಿರಬಾರದೆಂಬುದು ಅನ್ಯಾಯ. ಒಳ್ಳೆಯದನ್ನು ಆರಿಸಿಡುವುದು ಪಂಡಿತರ ಧರ್ಮ, ಬಾಗಿಲು ಮುಚ್ಚುವುದಲ್ಲ. ಅರಗಿನ ಮನೆಯ ಆರು ಹೆಣಗಳನ್ನು ಎಣಿಸಿ ತೃಪ್ತರಾದವರಿಗಿಂತ, ಅವರು ಯಾರೆಂದು ದೀಪದ ಮುಂದೆ ಕುಳಿತು ಕೇಳುವ ಓದುಗನೇ ಮೇಲು.