ಸೀಟಿಗೂ ದರ ಅವರದೇ, ಭತ್ತಕ್ಕೂ ದರ ಅವರದೇ



ಮೇ, ಜೂನ್ ಬಂತೆಂದರೆ ನಮ್ಮ ಹಳ್ಳಿಗಳಲ್ಲಿ ಎರಡು ಬಿತ್ತನೆ ಶುರುವಾಗುತ್ತವೆ. ಒಂದು ಹೊಲದಲ್ಲಿ, ಇನ್ನೊಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನ ಫೀಸು ಕಟ್ಟುವ ಕಿಂಡಿಯಲ್ಲಿ. ಮೊದಲನೆಯದು ಕೈಕೊಟ್ಟರೆ ಬೀಜ, ಗೊಬ್ಬರ ಹೋಗುತ್ತದೆ. ಎರಡನೆಯದು ಕೈಕೊಟ್ಟರೆ ಹೊಲವೇ ಹೋಗುತ್ತದೆ.

ನಮ್ಮೂರಲ್ಲಿ ನಾಲ್ಕೂವರೆ ಎಕರೆ ಗದ್ದೆಯ ರೈತರೊಬ್ಬರಿದ್ದಾರೆ. ಮಗನಿಗೆ ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬರಲಿಲ್ಲ. ದಲ್ಲಾಳಿಯೊಬ್ಬ ಮನೆಗೇ ಬಂದು ಮ್ಯಾನೇಜ್‌ಮೆಂಟ್ ಸೀಟು ಕುದುರಿಸಿದ. ಹೆಂಡತಿಯ ಒಡವೆ ಬ್ಯಾಂಕಿಗೆ ಹೋಯಿತು. ಸೊಸೈಟಿಯ ಬೆಳೆಸಾಲ ಗದ್ದೆಗೆ ಇಳಿಯದೆ ಕಾಲೇಜಿಗೆ ಇಳಿಯಿತು. ಸಾಲದ್ದಕ್ಕೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಕೈಸಾಲ. ಎರಡನೇ ವರ್ಷಕ್ಕೆ ಒಂದು ಎಕರೆ ಭೋಗ್ಯಕ್ಕೆ ಹೋಯಿತು. "ಡೊನೇಷನ್‌ಗೆ ರಸೀತಿ ಕೊಟ್ಟರಾ ಅಣ್ಣ?" ಅಂತ ಕೇಳಿದೆ. "ಅದಕ್ಕೆಲ್ಲ ರಸೀತಿ ಕೊಡಲ್ಲವಂತೆ" ಅಂದರು. ಒಂದು ಮೂಟೆ ಯೂರಿಯಾಕ್ಕೆ ರಸೀತಿ ಕೊಡಲಿಲ್ಲ ಅಂತ ಅಂಗಡಿಯವನ ಜೊತೆ ಜಗಳಕ್ಕೆ ನಿಂತ ಮನುಷ್ಯ ಇವರು!

ಇದು ಒಬ್ಬರ ಮನೆಯ ಕಥೆಯಲ್ಲ. ಲೆಕ್ಕ ಹಾಕೋಣ, ಅದೂ ಸರ್ಕಾರದ ಅಂಕಿಯಲ್ಲೇ. 2025-26ರ ಮುಂಗಾರಿಗೆ ಸಾಧಾರಣ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 2,369 ರೂಪಾಯಿ. ಬೆಳೆಯುವ ಖರ್ಚು 1,579 ಅಂತ ಅವರೇ ಬರೆದಿದ್ದಾರೆ. ನಮ್ಮ ಸ್ವಂತ ಭೂಮಿಯ ಗುತ್ತಿಗೆ, ಬಂಡವಾಳದ ಬಡ್ಡಿ ಇದರಲ್ಲಿ ಸೇರಿಲ್ಲ. ಅದು ಹಾಗಿರಲಿ. ಉಳಿಯುವುದು 790 ರೂಪಾಯಿ.

ಇನ್ನು ಕಾಲೇಜು. ಕಾಮೆಡ್-ಕೆ ಸೀಟಿನ ಫೀಸು, ಹಾಸ್ಟೆಲು, ಊಟ, ಪುಸ್ತಕ ಎಲ್ಲ ಸೇರಿ ವರ್ಷಕ್ಕೆ ಎರಡೂವರೆ ಲಕ್ಷ ಅಂತ ಕಡಿಮೆಯಾಗಿಯೇ ಹಿಡಿಯಿರಿ. ನಾಲ್ಕು ವರ್ಷಕ್ಕೆ 10 ಲಕ್ಷ. ಕ್ವಿಂಟಾಲಿಗೆ 790ರಂತೆ ಇದನ್ನು ಹೊಂದಿಸಲು 1,266 ಕ್ವಿಂಟಾಲ್ ಭತ್ತ ಬೇಕು. ಎಕರೆಗೆ 20 ಕ್ವಿಂಟಾಲ್, ವರ್ಷಕ್ಕೆ ಎರಡು ಬೆಳೆ, ಒಂದೂ ತಪ್ಪದೆ ಎಂಟು ಬೆಳೆ ಕೈಗೆ ಬಂದರೆ ಎಂಟು ಎಕರೆ ನೀರಾವರಿ ಜಮೀನಿನ ಪೂರ್ತಿ ಲಾಭ ಒಂದು ಮಗುವಿನ ಓದಿಗೆ. ಮಗಳ ಮದುವೆ, ಅವ್ವನ ಆಸ್ಪತ್ರೆ, ಕೆಟ್ಟ ಪಂಪ್‌ಸೆಟ್ಟು, ಇವಕ್ಕೆ ಒಂದು ಕಾಸೂ ಇಲ್ಲ. ನಮ್ಮ ರಾಜ್ಯದ ಸರಾಸರಿ ಹಿಡುವಳಿ ಎಷ್ಟು? 2015-16ರ ಕೃಷಿ ಗಣತಿಯಂತೆ 1.36 ಹೆಕ್ಟೇರ್. ಮೂರೂಕಾಲು ಎಕರೆ ಚಿಲ್ಲರೆ. ಅದರಲ್ಲೂ ನೀರು ಹರಿಯುವುದು ಎಷ್ಟಕ್ಕೆ ಅಂತ ನಿಮಗೇ ಗೊತ್ತು.

"ಬ್ಯಾಂಕು ಸಾಲ ಕೊಡುತ್ತದಲ್ಲ" ಅನ್ನುತ್ತಾರೆ ಪೇಟೆಯ ಜಾಣರು. ಕೊಡುತ್ತದೆ, ಸ್ವಾಮಿ. ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿಯ ಆಧಾರ ಕೇಳುತ್ತದೆ. ವರ್ಷಕ್ಕೆ ಎರಡೂವರೆ ಲಕ್ಷದಂತೆ ಶೇ. 10ರ ಬಡ್ಡಿಗೆ ತಂದರೆ, ಓದು ಮುಗಿದು ಒಂದು ವರ್ಷ ಕಳೆಯುವ ಹೊತ್ತಿಗೆ ಬರೀ ಸರಳ ಬಡ್ಡಿಯೇ ಮೂರೂವರೆ ಲಕ್ಷ. ಹದಿಮೂರೂವರೆ ಲಕ್ಷವನ್ನು ಹತ್ತು ವರ್ಷ ತೀರಿಸಲು ತಿಂಗಳಿಗೆ ಸುಮಾರು 17,800 ರೂಪಾಯಿ ಕಂತು. ಹೊಸದಾಗಿ ಸೇರಿದ ಹುಡುಗನಿಗೆ ಬಹಳಷ್ಟು ಕಂಪನಿಗಳು ಕೊಡುವುದು ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು. ಕಂತು ಕಟ್ಟಿ ಉಳಿದದ್ದರಲ್ಲಿ ಬೆಂಗಳೂರಲ್ಲಿ ಬಾಡಿಗೆ ಕಟ್ಟುತ್ತಾನೋ, ಊಟ ಮಾಡುತ್ತಾನೋ? ಕೊನೆಗೆ ಅಪ್ಪನೇ ಊರಿಂದ ಅಕ್ಕಿ ಮೂಟೆ ಹೊತ್ತು ಹೋಗಬೇಕು.

ಕಾನೂನು ಇಲ್ಲವೇ? ಇದೆ. ಡೊನೇಷನ್ ನಿಷೇಧಿಸಿ ಕರ್ನಾಟಕ ಶಾಸನ ಮಾಡಿದ್ದು 1984ರಲ್ಲಿ. ನಮ್ಮ ರಾಜ್ಯದ ಪ್ರಕರಣದಲ್ಲೇ 1992ರಲ್ಲಿ ಸುಪ್ರೀಂ ಕೋರ್ಟು ಕ್ಯಾಪಿಟೇಷನ್ ಶುಲ್ಕ ಕಾನೂನುಬಾಹಿರ ಅಂತ ಹೇಳಿತು. ನಮ್ಮ ರಾಜ್ಯದ್ದೇ ಇನ್ನೊಂದು ಪ್ರಕರಣದಲ್ಲಿ 2002ರಲ್ಲಿ, ಅನುದಾನವಿಲ್ಲದ ಕಾಲೇಜುಗಳು ಫೀಸು ತಾವೇ ಗೊತ್ತುಮಾಡಬಹುದು, ಮಿತವಾದ ಉಳಿತಾಯ ಇಟ್ಟುಕೊಳ್ಳಬಹುದು, ಆದರೆ ಲಾಭಕೋರತನವೂ ಡೊನೇಷನ್ನೂ ಕೂಡದು ಅಂದಿತು. ಕೂಡದು ಅಂದದ್ದು ಇವತ್ತಿಗೂ ನಡೆಯುತ್ತಿದೆ. 2024ರಲ್ಲಿ ಸೀಟು ಬ್ಲಾಕಿಂಗ್ ದಂಧೆಯ ಬಗ್ಗೆ ಪರೀಕ್ಷಾ ಪ್ರಾಧಿಕಾರವೇ ಪೊಲೀಸರಿಗೆ ದೂರು ಕೊಡಬೇಕಾಯಿತು.

ಇಲ್ಲಿರುವ ಅನ್ಯಾಯ ನೋಡಿ. ಕಾಲೇಜಿನ ಮಾಲೀಕರು ಖರ್ಚು ಹೆಚ್ಚಾಯಿತು ಅಂತ ಸರ್ಕಾರದ ಎದುರು ಕುರ್ಚಿ ಹಾಕಿಕೊಂಡು ಕೂತು ಫೀಸು ಏರಿಸಿಕೊಂಡು ಏಳುತ್ತಾರೆ. ನಮಗೂ ಡೀಸೆಲ್, ಗೊಬ್ಬರ, ಕೂಲಿ ಹೆಚ್ಚಾಗಿದೆ. ನಮಗೆ ಆ ಕುರ್ಚಿ ಎಲ್ಲಿದೆ? ಘೋಷಿಸಿದ ಬೆಂಬಲ ಬೆಲೆಗೆ ಕೊಳ್ಳಿ ಅಂತ ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿ ಕಾಯುತ್ತೇವೆ. ಮಾರುವಾಗ ಕೊಳ್ಳುವವನ ದರ, ಕೊಳ್ಳುವಾಗ ಮಾರುವವನ ದರ. ಎರಡು ಕಡೆಯೂ ಸೋಲುವವನು ನಾವೇ.

ನಮ್ಮ ತಪ್ಪೂ ಇದೆ, ಮುಚ್ಚಿಡಬಾರದು. ಪಕ್ಕದ ಮನೆಯವನ ಮಗ ಇಂಜಿನಿಯರ್ ಆದ ಅಂತ ನಮ್ಮ ಮಗನನ್ನೂ ಹಾಕುತ್ತೇವೆ. ಅವನಿಗೆ ಗಣಿತ ಒಗ್ಗುತ್ತದೋ ಇಲ್ಲವೋ ಕೇಳುವುದಿಲ್ಲ. ರೈತನ ಮಗನಿಗೆ ಹೆಣ್ಣು ಕೊಡುವುದಿಲ್ಲ ಅನ್ನುವ ಭಯಕ್ಕೆ ಪಹಣಿ ಅಡವಿಡುತ್ತೇವೆ. ಮಕ್ಕಳು ಓದುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಮೋಸ ಹೋಗುವುದು ಬೇಡ ಅಂತ ಹೇಳುತ್ತಿದ್ದೇನೆ.

ಆದ್ದರಿಂದ ಮೊದಲು ತಿಳಿದುಕೊಳ್ಳಿ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ. 15 ಗ್ರಾಮೀಣ ಮೀಸಲಾತಿ ಇದೆ, ಕನ್ನಡ ಮಾಧ್ಯಮದವರಿಗೆ ಶೇ. 5. ಬಿಇಓ ಕಚೇರಿಯ ಪ್ರಮಾಣಪತ್ರ ಮುಂಚೆಯೇ ಮಾಡಿಸಿಡಿ. ಮನೆಯ ಆದಾಯ ವರ್ಷಕ್ಕೆ 8 ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯೂ ಅಂತ ಶೇ. 5 ಹೆಚ್ಚುವರಿ ಸೀಟುಗಳಿವೆ, ಬೋಧನಾ ಶುಲ್ಕ ಮನ್ನಾ. ಅದನ್ನು ಕೇಳದೆ ಬಿಡಬೇಡಿ. ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ದೂರವಿದ್ದರೂ ಮೊದಲು ಅದನ್ನು ನೋಡಿ. ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಸೇರುವ ದಾರಿಯೂ ಇದೆ. ಬೆಳೆಸಾಲದ ಹಣ ಬೆಳೆಗೇ ಇರಲಿ. ರಸೀತಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೇಳಿದರೆ ನಾಲ್ಕು ಜನ ಹೋಗಿ ಲಿಖಿತ ದೂರು ಕೊಡಿ.

ಸರ್ಕಾರಕ್ಕೆ ನಮ್ಮ ಪ್ರಶ್ನೆ ಒಂದೇ. ಕಾಲೇಜಿನ ಖರ್ಚು ಲೆಕ್ಕ ಹಾಕಿ ಫೀಸು ಕೊಡಿಸಲು ನಿಮಗೆ ಬರುತ್ತದೆ. ಹೊಲದ ಖರ್ಚು ಪೂರ್ತಿ ಲೆಕ್ಕ ಹಾಕಿ ಬೆಲೆ ಕೊಡಿಸಲು ಯಾಕೆ ಬರುವುದಿಲ್ಲ? ಆ ಬೆಲೆ ಕೊಡಿ. ನಮ್ಮ ಮಕ್ಕಳನ್ನು ನಾವೇ ಓದಿಸಿಕೊಳ್ಳುತ್ತೇವೆ.